ಹೆಬ್ಬೆಟ್ಟು ಕಾಯುವ ಓದು
ದೊಡ್ಡಬಳ್ಳಾಪುರ, ನೆಲಮಂಗಲದ ಸಬ್‌ ರಿಜಿಸ್ಟ್ರಾರ್ ಕಚೇರಿಗಳ ಮುಂದೆ ಬೆಳಗಾದರೆ ಜಮೀನು ಮಾರುವವರ, ಕೊಳ್ಳುವವರ ಸಾಲು. ಕ್ರಯಪತ್ರದ ಮೇಲೆ ಹೆಬ್ಬೆಟ್ಟಿನ ಗುರುತು, ಜತೆಗೆ ಆಧಾರ್ ಸಂಖ್ಯೆ: 2023ರಲ್ಲಿ ವಂಚಕರಿಗೆ ಇಷ್ಟೇ ಸಾಕಾಯಿತು. ಆಸ್ತಿ ನೋಂದಣಿಯ ಕಾವೇರಿ ಜಾಲತಾಣದ ಪತ್ರಗಳಿಂದ ಇವೆರಡನ್ನೂ ಎತ್ತಿಕೊಂಡು, ಬೆರಳಚ್ಚಿನ ನಕಲು ತಯಾರಿಸಿ, ಆಧಾರ್ ಆಧಾರಿತ ಪಾವತಿಯ ಮೂಲಕ ರಾಜ್ಯದ ಹಲವರ ಖಾತೆಗಳಿಂದ ಹಣ ತೆಗೆದರು. ಆ ವ್ಯವಸ್ಥೆಯಲ್ಲಿ ಓಟಿಪಿ ಬೇಡ, ಪಿನ್ ಬೇಡ. ಬೆರಳೇ ಬೀಗದ ಕೈ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಬೆರಳನ್ನು ಬದಲಿಸುವುದು ಹೇಗೆ? ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಸುರಕ್ಷತೆಯಲ್ಲಿ ಎಂ.ಟೆಕ್ ಮಾಡಲೋ ಬೇಡವೋ ಎಂದು ನಮ್ಮ ಹುಡುಗ ಹುಡುಗಿಯರು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಈ ಹೆಬ್ಬೆಟ್ಟು. ಬಿ.ಇ. ಮುಗಿಯುತ್ತಲೇ ದೇವನಹಳ್ಳಿ ಕಡೆ ಒಂದು ಕೆಲಸ ಸಿಕ್ಕರೆ ಸಾಕು ಎನ್ನುವ ಮನೆಯವರ ಆತಂಕ ಸುಳ್ಳಲ್ಲ; ನೇಕಾರರ ಮನೆಗಳ ಮಗ್ಗದ ಸಾಲ ಯಾರಿಗೂ ಕಾಯುವುದಿಲ್ಲ. ಆದರೆ ಇಂಥ ವಂಚನೆ ತಡೆಯಲು ಬೇಕಾದ ಗೂಢಲಿಪಿಯ ಗಣಿತ, ದತ್ತಾಂಶ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗುವ ಬಗೆ, ಯಾವ ಮಾಹಿತಿಯನ್ನು ಯಾರಿಗೆ ಎಷ್ಟು ತೋರಿಸಬೇಕೆಂಬ ವಿವೇಕ, ಇವೆಲ್ಲ ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸಿಗೆ ದಕ್ಕುವಂಥವಲ್ಲ. ಎರಡು ವರ್ಷ ಕೂತು ಓದಲೇಬೇಕು. ಗೇಟ್ ಅರ್ಹತೆಯೊಂದಿಗೆ ಎಐಸಿಟಿಇ ಮಾನ್ಯತೆಯ ಕಾಲೇಜಿಗೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ. ಗೇಟ್ ಇಲ್ಲದವರಿಗೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯ ದಾರಿ ತೆರೆದೇ ಇದೆ. ಓದುವ ಮನಸ್ಸಿರುವ ಮಕ್ಕಳನ್ನು ದಯವಿಟ್ಟು ತಡೆಯಬೇಡಿ. ಅವರು ಕಲಿತು ಬರುವವರೆಗೆ ನಿಮ್ಮ ಆಧಾರ್ ಬಯೋಮೆಟ್ರಿಕ್‌ಗೆ ಬೀಗ ಹಾಕಿಡಿ. ಹಣ ಹೋಯಿತೆಂದು ಗೊತ್ತಾದ ಗಳಿಗೆಯಲ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.