ಟೋಪಿ ಬದಲಾಯಿತು, ಕಟ್ಟಳೆ?

ಮುಂಬಯಿಯಿಂದ ರಾತ್ರಿ ಬಸ್ಸು ಹಿಡಿದು ಊರಿಗೆ ಹೊರಟವರಿಗೆ, ಕೊಲ್ಲಾಪುರ ದಾಟಿ ನಿಪ್ಪಾಣಿಯ ಹತ್ತಿರ ಕಣ್ಣು ತೆರೆದಾಗ, ಒಂದು ಪಕ್ಕ ಮೇಲಕ್ಕೆ ಮಡಿಸಿದ ಅಗಲ ಅಂಚಿನ ಟೋಪಿಯೊಂದು ಕಂಡರೆ ಸಾಕಿತ್ತು. ಕರ್ನಾಟಕ ಬಂತೆಂದು ತಿಳಿಯುತ್ತಿತ್ತು. ಆ ಸ್ಲೋಚ್ ಹ್ಯಾಟನ್ನು ರಾಜ್ಯ ಸರ್ಕಾರ 2025ರ ಅಕ್ಟೋಬರಿನಲ್ಲಿ ಪೇದೆಗಳ ತಲೆಯಿಂದ ಇಳಿಸಿ, ಕಡುನೀಲಿ ಪೀಕ್ ಕ್ಯಾಪ್ ತೊಡಿಸಲು ಆರಂಭಿಸಿತು. ಅಂದಿನಿಂದ ನಮ್ಮವರಲ್ಲಿ ಎರಡು ರಾಗಗಳು ಕೇಳಿಬರುತ್ತಿವೆ. ಕನ್ನಡನಾಡಿನ ಗುರುತೊಂದು ಅಳಿಯಿತೆಂದು ಕೆಲವರ ಹಳಹಳಿಕೆ. ವಸಾಹತುಶಾಹಿಯ ಪಳೆಯುಳಿಕೆ ತೊಲಗಿತೆಂದು ಇನ್ನು ಕೆಲವರ ಹಿಗ್ಗು. ಎರಡೂ ಪೊಳ್ಳೆಂಬುದು ನನ್ನ ವಾದ.

ಮೊದಲು ಹಳಹಳಿಸುವವರಿಗೆ ಒಂದು ಮಾತು. ಆ ಟೋಪಿ ಕಿತ್ತೂರಿನದೂ ಅಲ್ಲ, ಚಿತ್ರದುರ್ಗದ್ದೂ ಅಲ್ಲ. ಬ್ರಿಟಿಷ್ ಸಾಮ್ರಾಜ್ಯದ ಪಡೆಗಳು, ಅದರಲ್ಲೂ ಆಸ್ಟ್ರೇಲಿಯದ ಸೈನಿಕರು ತೊಡುತ್ತಿದ್ದ ತಲೆಯುಡುಗೆ ಅದು. ಕನ್ನಡದ ಲಾಂಛನವೇ ಬೇಕೆಂದರೆ ರಾಜ್ಯಮುದ್ರೆಯಲ್ಲಿ ಗಂಡಭೇರುಂಡವಿದೆ. ಬಳ್ಳಿಗಾವೆಯ ಕಂಬದ ಮೇಲೆ ಅದು 11ನೆಯ ಶತಮಾನದಿಂದಲೂ ನಿಂತಿದೆ. ಅದನ್ನು ಯಾರೂ ಕಿತ್ತುಕೊಂಡಿಲ್ಲ.

ಇನ್ನು ಹಿಗ್ಗುವವರು. ಪೀಕ್ ಕ್ಯಾಪ್ ಏನು ನಮ್ಮ ಹಿತ್ತಲಲ್ಲಿ ಬೆಳೆದದ್ದೇ? ಅದೂ ಯುರೋಪಿನ ಸೈನ್ಯಗಳ ಬಳುವಳಿಯೇ. ಖಾಕಿಯಂತೂ 1846ರಲ್ಲಿ ಪೇಶಾವರದಲ್ಲಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆಯಿಂದ ಬಂದದ್ದು. ಒಂದು ಮಾತನ್ನು ಮಾತ್ರ ಒಪ್ಪಲೇಬೇಕು. ಅಧಿಕಾರಿಗೆ ಒಂದು ಟೋಪಿ, ಪೇದೆಗೆ ಇನ್ನೊಂದು ಎಂಬ ಪಂಕ್ತಿಭೇದ ಅಷ್ಟರಮಟ್ಟಿಗೆ ಸಡಿಲಗೊಂಡಿತು. ಓಡುವಾಗ ಜಾರಿಬೀಳುತ್ತಿದ್ದ ಆ ಭಾರದಿಂದ ಪೇದೆಗೆ ಬಿಡುಗಡೆ ಸಿಕ್ಕಿತು. ಇದು ಸಣ್ಣ ಸಂಗತಿಯಲ್ಲ. ಆದರೆ ಇಷ್ಟಕ್ಕೇ ವಸಾಹತುಶಾಹಿ ತೊಲಗಿತೆನ್ನುವುದು ಆತ್ಮವಂಚನೆ.

ಏಕೆಂದರೆ ವಸಾಹತುಶಾಹಿ ಇರುವುದು ಟೋಪಿಯಲ್ಲಲ್ಲ, ಕಟ್ಟಳೆಯಲ್ಲಿ. 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿನ ಪೊಲೀಸು ಪಡೆಗೆ ಮಾದರಿಯಾಗಿ ಆರಿಸಿದ್ದು ಲಂಡನ್ನಿನ ನಿರಾಯುಧ ಪೊಲೀಸರನ್ನಲ್ಲ, ಐರ್ಲೆಂಡಿನ ರೈತರನ್ನು ಹದ್ದಿನಲ್ಲಿಡಲು ಕಟ್ಟಿದ್ದ ಸಶಸ್ತ್ರ ಪಡೆಯನ್ನು. 1857ರ ದಂಗೆಯ ಬಳಿಕ ಬಂದ 1861ರ ಪೊಲೀಸ್ ಕಾಯಿದೆ ಆ ಅಚ್ಚನ್ನೇ ದೇಶದ ಮೇಲೆ ಒತ್ತಿತು. ಪ್ರಜೆಗಳಿಗೆ ಉತ್ತರ ಹೇಳುವ ಪಡೆ ಅದಲ್ಲ. ಆಳುವವರಿಗೆ ಸಲಾಮು ಹೊಡೆಯುವ ಪಡೆ.

ಆ ಐರ್ಲೆಂಡಿನ ಕಡೆಗೇ ಒಮ್ಮೆ ತಿರುಗಿ ನೋಡೋಣ. ಉತ್ತರ ಐರ್ಲೆಂಡಿನ ರಾಯಲ್ ಅಲ್‌ಸ್ಟರ್ ಕಾನ್‌ಸ್ಟಾಬ್ಯುಲರಿ ಹುಟ್ಟಿದ್ದು 1922ರಲ್ಲಿ. ಅದರ ಬಿಲ್ಲೆಯಲ್ಲಿ ಐರಿಷ್ ವೀಣೆಯ ಮೇಲೆ ಬ್ರಿಟಿಷ್ ಕಿರೀಟ ಕುಳಿತಿತ್ತು. ಅಲ್ಲಿನ ಜನಸಂಖ್ಯೆಯಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ಕ್ಯಾಥೊಲಿಕರು. ಪಡೆಯಲ್ಲಿ ಮಾತ್ರ ಅವರು ನೂರಕ್ಕೆ ಸುಮಾರು 8. ಪ್ಯಾಟನ್ ಆಯೋಗ 1999ರಲ್ಲಿ 175 ಶಿಫಾರಸುಗಳನ್ನು ಮಾಡಿತು. 2001ರಲ್ಲಿ ಹೆಸರು ಬದಲಾಯಿತು. ಹೊಸ ಬಿಲ್ಲೆಯಲ್ಲಿ ಕಿರೀಟ, ವೀಣೆ, ಷ್ಯಾಮ್‌ರಾಕ್ ಎಲೆ, ತಕ್ಕಡಿ, ದೀವಟಿಗೆ, ಆಲಿವ್ ಕೊಂಬೆಗಳು ಒಟ್ಟಿಗೆ ನೆಲೆಗೊಂಡವು. ಅಷ್ಟಕ್ಕೇ ನಿಂತಿದ್ದರೆ ಅದೂ ನಾಟಕವೇ ಆಗುತ್ತಿತ್ತು. ಬಿಲ್ಲೆಯ ಜೊತೆಗೆ ಪಡೆಯನ್ನು ಪ್ರಶ್ನಿಸುವ ಮಂಡಳಿ ಬಂತು, ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ ಬಂದರು, ನೇಮಕಾತಿಯಲ್ಲಿ ಕ್ಯಾಥೊಲಿಕರಿಗೆ ಅರ್ಧ ಪಾಲು ದೊರೆಯಿತು. 2011ರ ಹೊತ್ತಿಗೆ ಅವರ ಪ್ರಮಾಣ ನೂರಕ್ಕೆ ಸುಮಾರು 30ಕ್ಕೆ ಏರಿತು. ನಮಗೆ ಅಚ್ಚು ಕೊಟ್ಟವರು ತಮ್ಮ ಅಚ್ಚನ್ನು ಮುರಿದರು; ನಾವು ಅದಕ್ಕೆ ಬಣ್ಣ ಬಳಿಯುತ್ತಿದ್ದೇವೆ.

ನಮಗೆ ದಾರಿ ತೋರಿಸುವವರಿರಲಿಲ್ಲವೇ? 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗದ ಅಧ್ಯಕ್ಷರಾಗಿದ್ದವರು ಹಿಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರೇ ಆಗಿದ್ದ ಧರ್ಮವೀರ. ಅವರ ಆಯೋಗದ ಎಂಟು ವರದಿಗಳು ಧೂಳು ತಿಂದವು. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಏಳು ನಿರ್ದೇಶನಗಳನ್ನು ಕೊಟ್ಟಿತು: ರಾಜ್ಯ ಭದ್ರತಾ ಆಯೋಗ, ವರ್ಗಾವಣೆಗೆ ಮಂಡಳಿ, ಅಧಿಕಾರಿಗಳಿಗೆ ಎರಡು ವರ್ಷದ ಅವಧಿ, ತನಿಖೆಯ ಪ್ರತ್ಯೇಕತೆ, ದೂರು ಪ್ರಾಧಿಕಾರ ಇತ್ಯಾದಿ. ಕರ್ನಾಟಕ 2012ರಲ್ಲಿ ತನ್ನ 1963ರ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. ಆದರೆ ಊರಲ್ಲಿರುವ ನಿಮ್ಮ ಅಣ್ಣತಮ್ಮಂದಿರನ್ನು ಕೇಳಿ ನೋಡಿ: ಠಾಣೆಯಲ್ಲಿ ಪೆಟ್ಟು ತಿಂದವನು ದೂರು ಕೊಡಬೇಕಾದ ಜಿಲ್ಲಾ ಪ್ರಾಧಿಕಾರ ಎಲ್ಲಿದೆಯೆಂದು ಅವರಲ್ಲಿ ಎಷ್ಟು ಮಂದಿ ಹೇಳಬಲ್ಲರು? ಟೋಪಿಯ ಬಣ್ಣವನ್ನಂತೂ ಎಲ್ಲರೂ ಹೇಳುತ್ತಾರೆ.

ಮರಾಠಿ ನೆಲದಲ್ಲಿರುವ ನಮಗೆ ಇಲ್ಲಿನ ಪೊಲೀಸರ ಧ್ಯೇಯವಾಕ್ಯ ಬಾಯಿಪಾಠ: ‘ಸದ್ರಕ್ಷಣಾಯ ಖಲನಿಗ್ರಹಣಾಯ’. ಸಜ್ಜನರ ರಕ್ಷಣೆ, ದುರ್ಜನರ ನಿಗ್ರಹ. ವಾಕ್ಯ ಸೊಗಸಾಗಿದೆ. ಆದರೆ ಸಜ್ಜನ ಯಾರು, ದುರ್ಜನ ಯಾರು ಎಂಬುದನ್ನು ಮಂತ್ರಿಯ ದೂರವಾಣಿ ಕರೆ ತೀರ್ಮಾನಿಸುವವರೆಗೆ, ಯಾವ ರಾಜ್ಯದಲ್ಲೇ ಆಗಲಿ, ಬಿಲ್ಲೆಯ ಮೇಲಿನ ಸಂಸ್ಕೃತ ಬರೀ ಅಲಂಕಾರ.

1956ರಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಪೊಲೀಸರು ಒಂದಾದಾಗ ಹೊಸದಾಗಿ ಯೋಚಿಸುವ ಅವಕಾಶವಿತ್ತು, ಅದು ಕೈತಪ್ಪಿತು. ಈಗಲಾದರೂ, ಹಳೆಯ ಟೋಪಿ ಉಳಿಸಿರೆಂದು ಠರಾವು ಪಾಸು ಮಾಡಹೊರಟ ನಮ್ಮ ಸಂಘಗಳು ಅದನ್ನು ಹರಿದು ಹಾಕಿ, ಸುಪ್ರೀಂ ಕೋರ್ಟಿನ ಏಳು ನಿರ್ದೇಶನಗಳನ್ನು ಅಕ್ಷರಶಃ ಪಾಲಿಸಿರೆಂದು ಬೆಂಗಳೂರಿಗೆ ಬರೆಯಲಿ. ಕನ್ನಡದಲ್ಲಿ ‘ಟೋಪಿ ಹಾಕುವುದು’ ಎಂಬ ಮಾತಿಗೆ ಇನ್ನೊಂದು ಅರ್ಥವಿದೆ. ಈ ಬಾರಿ ಟೋಪಿ ಬಿದ್ದದ್ದು ಪೇದೆಯ ತಲೆಗೋ, ನಮ್ಮ ತಲೆಗೋ ಎಂಬುದನ್ನು ಆ ಪತ್ರಕ್ಕೆ ಬರುವ ಉತ್ತರವೇ ಹೇಳಲಿದೆ.