ಮಲಿಕು ಬರೀ ಮರಳದಂಡೆಯಲ್ಲ, ಅದಕ್ಕೊಂದು ನುಡಿಯಿದೆ!

ಕನ್ನಡಿಗರೇ, ಮಿನಿಕಾಯ್ ಎಂಬ ಹೆಸರು ಕೇಳಿದ್ದೀರಾ? ಲಕ್ಷದ್ವೀಪದ ದಕ್ಷಿಣದ ಕಟ್ಟಕಡೆಯ ದ್ವೀಪ ಅದು. ಕೊಚ್ಚಿಯಿಂದ ಸುಮಾರು 400 ಕಿಲೋಮೀಟರ್ ದೂರ. ನೆಲ ಐದು ಚದರ ಕಿಲೋಮೀಟರಿಗೂ ಕಡಿಮೆ. ನೆನ್ನೆ ಮೊನ್ನೆಯವರೆಗೆ ಅದರ ಗೊಡವೆ ಯಾರಿಗೂ ಇರಲಿಲ್ಲ. ಈಗ ನೋಡಿ, ಎಲ್ಲರಿಗೂ ಅದರ ಮೇಲೆ ಪ್ರೀತಿ ಉಕ್ಕಿದೆ!

2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪಕ್ಕೆ ಹೋಗಿಬಂದರು. ಕಡಲದಂಡೆಯ ಚಿತ್ರಗಳು ಬಂದವು. ಮಾಲ್ದೀವ್ಸಿನ ಮೂವರು ಉಪಮಂತ್ರಿಗಳು ನಾಲಿಗೆ ಹರಿಬಿಟ್ಟರು. ಅಷ್ಟೇ ಸಾಕಾಯಿತು. ಮಾಲ್ದೀವ್ಸಿಗೆ ಬುದ್ಧಿ ಕಲಿಸಲು ಎಲ್ಲರೂ ಲಕ್ಷದ್ವೀಪಕ್ಕೆ ನಡೆಯಿರಿ ಎಂಬ ಕೂಗೆದ್ದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಎರಡು ದೇಶಗಳ ಜಗಳಕ್ಕೂ ಮಿನಿಕಾಯಿಯ ಮೀನುಗಾರನ ಅಂಗಳಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ.

ಪ್ರವಾಸಿಗರಿಗೂ ಬಂಡವಾಳಗಾರರಿಗೂ ಇಂಥ ದ್ವೀಪಗಳನ್ನು ಪರಿಚಯಿಸುವ ಬರಹಗಳನ್ನು ನೀವೂ ಓದಿರುತ್ತೀರಿ. ಬಿಳಿ ಮರಳು, ನೀಲಿ ನೀರು, ತೆಂಗಿನ ನೆರಳು. ಆಮೇಲೆ ಎಷ್ಟು ಕೋಣೆ, ಎಷ್ಟು ಕೋಟಿ, ಎಷ್ಟು ವರ್ಷದ ಗುತ್ತಿಗೆ. ಜನ ಎಲ್ಲಿ ಸ್ವಾಮಿ? ಅವರ ಮಾತು ಯಾವುದು? ಅದಕ್ಕೆ ಒಂದು ಸಾಲೂ ಇಲ್ಲ. ಜನರನ್ನೂ ನುಡಿಯನ್ನೂ ಬಿಟ್ಟು ಬರೆದದ್ದು ಊರಿನ ಪರಿಚಯವಲ್ಲ, ಊರಿನ ಕ್ರಯಪತ್ರ!

ಅವರು ಬರೆಯದಿದ್ದರೆ ಬೇಡ. ನಾವೇ ಬರೆಯೋಣ.

ಮೊದಲು ಹೆಸರು. ಮಿನಿಕಾಯ್ ಎಂಬುದು ಹೊರಗಿನವರ ಬಾಯಲ್ಲಿ ಬಂದ ಹೆಸರು. ಅಲ್ಲಿನ ಜನ ತಮ್ಮ ನೆಲವನ್ನು ಕರೆಯುವುದು ಮಲಿಕು ಎಂದು. 2011ರ ಜನಗಣತಿಯ ಪ್ರಕಾರ ಅಲ್ಲಿದ್ದವರು 10,447 ಮಂದಿ. ಅವರದು 11 ಹಳ್ಳಿಗಳು. ಹಳ್ಳಿಗೆ ಅವರ ಮಾತಿನಲ್ಲಿ ಅವಹ್ ಎನ್ನುತ್ತಾರೆ. ಪ್ರತಿ ಹಳ್ಳಿಗೂ ಊರವರೇ ಆರಿಸಿದ ಹಿರಿಯನಿದ್ದಾನೆ, ಅವನು ಬೊಡುಕಾಕ. ಊರ ಕೆಲಸ ಊರವರೇ ಸೇರಿ ಮಾಡುವ ಪದ್ಧತಿ ಅವರದು. ಪಾಳು ಬಿದ್ದ ನೆಲವಲ್ಲ ಅದು!

ಇನ್ನು ನುಡಿ. ಲಕ್ಷದ್ವೀಪದಲ್ಲಿ ಜನವಸತಿಯಿರುವ ದ್ವೀಪಗಳು ಹತ್ತು. ಒಂಬತ್ತರಲ್ಲಿ ಆಡುವುದು ಮಲಯಾಳಕ್ಕೆ ಹತ್ತಿರದ ಜೆಸರಿ. ಮಲಿಕು ಒಂದರಲ್ಲಿ ಮಾತ್ರ ಮಹಲ್. ಇದು ಮಾಲ್ದೀವ್ಸಿನ ದಿವೇಹಿಯ ಒಂದು ರೂಪ, ಸಿಂಹಳದ ದೂರದ ನಂಟು. ಬರೆಯುವುದು ಥಾನಾ ಲಿಪಿಯಲ್ಲಿ, ಬಲದಿಂದ ಎಡಕ್ಕೆ. ಆ ಲಿಪಿಯ ಮೊದಲ ಒಂಬತ್ತು ಅಕ್ಷರಗಳು ಹುಟ್ಟಿದ್ದು ಅರಬ್ಬಿ ಅಂಕಿಗಳಿಂದ! ಅಂಕಿಯಿಂದ ಅಕ್ಷರ ಕಟ್ಟಿಕೊಂಡ ಜಾಣ ಪರಂಪರೆ ಅದು. ಭಾರತದಲ್ಲಿ ಈ ನುಡಿಗೆ ನೆಲೆ ಎಂದರೆ ಆ ಒಂದೇ ದ್ವೀಪ. ಅಲ್ಲಿ ಅಳಿದರೆ ಈ ದೇಶದಲ್ಲಿ ಅಳಿದಂತೆ.

ಅಂಥ ನುಡಿಗೆ ದಿಲ್ಲಿಯ ಆಡಳಿತ ಕೊಟ್ಟ ಉಡುಗೊರೆ ಏನು ಗೊತ್ತೇ? 2025ರ ಮೇ ತಿಂಗಳಲ್ಲಿ ಲಕ್ಷದ್ವೀಪದ ಶಿಕ್ಷಣ ಇಲಾಖೆ ಒಂದು ಆದೇಶ ಹೊರಡಿಸಿತು. ಶಾಲೆಗಳಲ್ಲಿ ಮೂರನೆಯ ಭಾಷೆಯಾಗಿದ್ದ ಮಹಲ್ ಮತ್ತು ಅರಬ್ಬಿಯನ್ನು ತೆಗೆಯಿರಿ, ಆ ಜಾಗಕ್ಕೆ ಹಿಂದಿಯನ್ನು ತನ್ನಿ ಎಂಬುದು ಅದರ ಸಾರ. ಕಾರಣ ಕೇಳಿದರೆ ಹೊಸ ಶಿಕ್ಷಣ ನೀತಿಯ ತ್ರಿಭಾಷಾ ಸೂತ್ರ! ಮಗುವಿನ ಮನೆಮಾತಿಗೆ ಮೊದಲ ಸ್ಥಾನ ಎಂದು ಡಂಗುರ ಸಾರಿದ ನೀತಿಯ ಹೆಸರಿನಲ್ಲೇ ಮನೆಮಾತಿಗೆ ಶಾಲೆಯ ಬಾಗಿಲು ಮುಚ್ಚುವ ಕೆಲಸ. ಪ್ರಕರಣ ಕೇರಳ ಹೈಕೋರ್ಟಿಗೆ ಹೋಯಿತು. ಜೂನ್ ತಿಂಗಳಲ್ಲಿ ನ್ಯಾಯಾಲಯ ಆ ಆದೇಶಕ್ಕೆ ತಡೆ ಕೊಟ್ಟಿತು. ನುಡಿ ಉಳಿಸಿಕೊಳ್ಳಲು ಕೋರ್ಟಿನ ಮೆಟ್ಟಿಲು ಹತ್ತಬೇಕಾದ ಗತಿ ನೋಡಿ!

ಮೂರನೆಯದು ಕಸುಬು. ಬಂಡವಾಳ ಹೂಡುವವರು ಇದನ್ನು ಎರಡು ಸಲ ಓದಲಿ. ಮಲಿಕುವಿನ ಬದುಕು ನಿಂತಿರುವುದು ಟ್ಯೂನಾ ಮೀನಿನ ಮೇಲೆ. ಅವರು ಬಲೆ ಬೀಸಿ ಕಡಲನ್ನು ಗೋರುವವರಲ್ಲ. ಗಳದ ತುದಿಗೆ ಗಾಳ ಕಟ್ಟಿ ಒಂದೊಂದೇ ಮೀನು ಎತ್ತುವವರು. ಅದಕ್ಕೆ ಜೀವಂತ ಎರೆಮೀನು ಬೇಕು. ಆ ಸಣ್ಣ ಮೀನು ಸಿಗುವುದು ಹವಳದ ದಿಬ್ಬ ಸುತ್ತುಗಟ್ಟಿದ ತಿಳಿಗಡಲಿನಲ್ಲಿ. ಬೆಳಗ್ಗೆ ಅದನ್ನು ಹಿಡಿದು, ದೋಣಿಯೊಳಗೆ ನೀರಿನಲ್ಲಿ ಬದುಕಿಸಿಟ್ಟುಕೊಂಡು, ಹೊರಗಡಲಿಗೆ ಹೋಗಿ ಎರಚಿದರೆ ಮಾತ್ರ ಟ್ಯೂನಾ ಮೇಲೆ ಬರುತ್ತದೆ. ಹಿಡಿದದ್ದನ್ನು ಬೇಯಿಸಿ, ಹೊಗೆಯಲ್ಲಿಟ್ಟು ಒಣಗಿಸಿದರೆ ಅದೇ ಮಾಸ್‌ಮೀನು.

ಈಗ ಕೇಳಿ. 2021ರಲ್ಲಿ ಲಕ್ಷದ್ವೀಪದ ಆಡಳಿತ ಮಿನಿಕಾಯ್, ಕಡಮತ್, ಸುಹೇಲಿ ದ್ವೀಪಗಳಿಗೆ ಜಾಗತಿಕ ಟೆಂಡರ್ ಕರೆಯಿತು. ಸುಮಾರು 800 ಕೋಟಿ ರೂಪಾಯಿಯ ಯೋಜನೆ, 75 ವರ್ಷದ ಅವಧಿ. ಮಿನಿಕಾಯಿಯ ಪಾಲಿಗೆ 150 ವಿಲ್ಲಾ. ದಂಡೆಯ ಮೇಲೆ ಮಾತ್ರವಲ್ಲ, ಆ ತಿಳಿಗಡಲಿನ ನೀರಿನ ಮೇಲೂ ಕಂಬ ನೆಟ್ಟು! ಎರೆಮೀನಿನ ತೊಟ್ಟಿಲಲ್ಲಿ ಕಂಬ ನೆಟ್ಟರೆ ಮೀನುಗಾರ ಎಲ್ಲಿಗೆ ಹೋಗಬೇಕು? 1998, 2010, 2016, 2024ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳ ಬಿಳಿಚಿಕೊಂಡಿದೆ. ಗಾಯದ ಮೇಲೆ ಬರೆಯೆಂದರೆ ಇದೇ.

ಕಡೆಗೆ ನೀರು. ಹವಳದ ಮರಳಿನಡಿಯಲ್ಲಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುವ ಮಳೆನೀರೇ ಅವರ ಬಾವಿನೀರು. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. 2011ರಲ್ಲಿ ಅಲ್ಲೊಂದು ಉಪ್ಪುನೀರು ಸಿಹಿ ಮಾಡುವ ಘಟಕ ಬಂತು, ದಿನಕ್ಕೆ 1 ಲಕ್ಷ ಲೀಟರಿನದು. ಹತ್ತು ಸಾವಿರ ಜನಕ್ಕೆ ಹಂಚಿದರೆ ತಲೆಗೆ ಹತ್ತು ಲೀಟರ್! ಅಂಥ ಊರಿನಲ್ಲಿ ಐಷಾರಾಮಿ ಸ್ನಾನದ ತೊಟ್ಟಿಗಳಿಗೆ ನೀರು ಎಲ್ಲಿಂದ ಬರಬೇಕು?

ಹಾಗಾದರೆ ಅಭಿವೃದ್ಧಿ ಬೇಡವೇ ಎಂದು ಕೆಲವರು ಕೊಂಕು ತೆಗೆಯುತ್ತಾರೆ. ಬೇಕು ಸ್ವಾಮಿ! ಆಸ್ಪತ್ರೆ ಬೇಕು, ಸಮಯಕ್ಕೆ ಬರುವ ಹಡಗು ಬೇಕು, ಹಿಡಿದ ಮೀನಿಗೆ ಬೆಲೆ ಬೇಕು. ಪ್ರವಾಸಿಯೂ ಬರಲಿ, ಅತಿಥಿಯಾಗಿ ಬರಲಿ. ಆದರೆ ಎಷ್ಟು, ಎಲ್ಲಿ, ಹೇಗೆ ಎಂದು ಹೇಳಬೇಕಾದವರು ಆ 11 ಹಳ್ಳಿಗಳ ಜನ. ಅವರಿಗೆ ತಿಳಿಯುವ ಮಾತಿನಲ್ಲಿ ಕಾಗದ ಬರೆದು, ಅವರ ಅಂಗಳದಲ್ಲಿ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಜನರ ನುಡಿಯನ್ನು ಶಾಲೆಯಿಂದ ಹೊರಗಟ್ಟಿದರೆ ನಾಳೆ ಆ ಕಾಗದವನ್ನು ಅವರ ಮಾತಿನಲ್ಲಿ ಬರೆಯುವವರು ಯಾರು, ಓದುವವರು ಯಾರು? ನುಡಿಗೂ ನೆಲಕ್ಕೂ ಇರುವ ನಂಟು ಇದೇ.

ಇದು ನಮಗೇಕೆ ಎನ್ನಬೇಡಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಒಂದು ಕಾಲಕ್ಕೆ ಮಂಗಳೂರಿನ ಆಡಳಿತದಲ್ಲಿದ್ದವು, ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವ ಎಂದು ಹಬ್ಬ ಮಾಡುವ ಅದೇ ದಿನ, ಅವು ದಿಲ್ಲಿಯ ನೇರ ಹಿಡಿತಕ್ಕೆ ಹೋದವು. ನಮಗೆ ನಮ್ಮ ನುಡಿಯ ರಾಜ್ಯ ಸಿಕ್ಕಿತು, ಅವರಿಗೆ ದಿಲ್ಲಿಯ ಅಧಿಕಾರಿ ಸಿಕ್ಕಿದ. ವಿಧಾನಸಭೆಯೇ ಇಲ್ಲ. 2021ರ ಜೂನ್ 7ರಂದು, ಕರಡು ಭೂನಿಯಮದ ವಿರುದ್ಧ ದ್ವೀಪದ ಜನ 12 ಗಂಟೆ ಉಪವಾಸ ಕೂರಬೇಕಾಯಿತು. 2025ರ ಜುಲೈನಲ್ಲಿ ಬಿತ್ರ ದ್ವೀಪವನ್ನು ಇಡಿಯಾಗಿ ರಕ್ಷಣಾ ಕೆಲಸಕ್ಕೆ ತೆಗೆದುಕೊಳ್ಳುವ ಪ್ರಸ್ತಾಪದ ಅಧಿಸೂಚನೆಯೂ ಹೊರಬಿತ್ತು. 2011ರಲ್ಲಿ ಬಿತ್ರದ ಜನಸಂಖ್ಯೆ 271.

ಹತ್ತು ಸಾವಿರ ಜನರ ಮಾತಿಗೆ ಇಷ್ಟು ರಾದ್ಧಾಂತವೇ ಎಂದು ಕೇಳುವವರಿಗೆ ಒಂದೇ ಮಾತು. ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಮಹಲ್ ಇಲ್ಲ, ನಮ್ಮ ತುಳುವೂ ಇಲ್ಲ, ಕೊಡವವೂ ಇಲ್ಲ. 2017ರಲ್ಲಿ ಬೆಂಗಳೂರಿನ ಮೆಟ್ರೊ ಫಲಕಗಳಲ್ಲಿ ಹಿಂದಿ ತುರುಕಿದಾಗ ನಾವು ಕೋಟಿಗಟ್ಟಲೆ ಇದ್ದೆವು, ದನಿಯೆತ್ತಿದೆವು, ತೆಗೆಸಿದೆವು. ಹತ್ತು ಸಾವಿರ ಮಂದಿ ಕೂಗಿದರೆ ದಿಲ್ಲಿಗೆ ಕೇಳುವುದಿಲ್ಲ. ಕೇಳುವಂತೆ ಮಾಡಲು ನಮ್ಮ ದನಿಯೂ ಸೇರಬೇಕು. ತಲೆ ಎಣಿಸಿ ನುಡಿಗೆ ಬೆಲೆ ಕಟ್ಟುವ ತಕ್ಕಡಿಯಲ್ಲಿ ನಾಳೆ ಕನ್ನಡವನ್ನೂ ತೂಗುತ್ತಾರೆ, ನೆನಪಿರಲಿ!

ಮಹಲ್ ಶಾಲೆಯಲ್ಲಿ ಉಳಿಯಲಿ. ಊರವರು ಒಪ್ಪದ ಟೆಂಡರ್ ರದ್ದಾಗಲಿ. ನೀವು ಅಲ್ಲಿಗೆ ಹೋಗುವುದಾದರೆ ಅನುಮತಿಪತ್ರದ ಜೊತೆಗೆ ಅವರ ನುಡಿಯ ನಾಲ್ಕು ಮಾತನ್ನೂ ಕಲಿತು ಹೋಗಿ. ಇನ್ನು ಮುಂದೆ ಯಾರಾದರೂ ಒಂದು ದ್ವೀಪದ ಪರಿಚಯವನ್ನು ನಿಮ್ಮ ಕೈಗಿಟ್ಟರೆ, ಕೋಣೆ ಎಷ್ಟು ಎಂದು ಕೇಳುವ ಮೊದಲು ಅಲ್ಲಿನ ಜನ ಯಾವ ಮಾತಾಡುತ್ತಾರೆ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಆ ಕಾಗದವನ್ನು ಹರಿದು ಬಿಸಾಡಿ!