ಗ್ರಂಥಭಂಡಾರಕ್ಕೆ ಪುಸ್ತಕ ಬರುವ ದಾರಿ

ಕೋಶ ಓದು, ದೇಶ ನೋಡು ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದವರೇ. ದೇಶ ನೋಡುವುದಕ್ಕೆ ಹುಣಸೂರಿನಿಂದ ದಾರಿಗಳಿಗೇನೂ ಕೊರತೆಯಿಲ್ಲ. ಪೂರ್ವಕ್ಕೆ ಮೈಸೂರು, ಪಶ್ಚಿಮಕ್ಕೆ ಪಿರಿಯಾಪಟ್ಟಣವನ್ನು ದಾಟಿದರೆ ಕೊಡಗು, ಉತ್ತರಕ್ಕೆ ಕೃಷ್ಣರಾಜನಗರ, ದಕ್ಷಿಣಕ್ಕೆ ಹೆಗ್ಗಡದೇವನಕೋಟೆ. ಎತ್ತ ಹೊರಟರೂ ಬಸ್ಸುಂಟು. ಆದರೆ ಕೋಶ ಓದುವುದಕ್ಕೆ ದಾರಿ ಯಾವುದು? ಪಠ್ಯಪುಸ್ತಕವನ್ನೂ ಗೈಡನ್ನೂ ಬಿಟ್ಟು ಬೇರೊಂದು ಪುಸ್ತಕ ಬೇಕೆಂದರೆ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿ ಬಹುಮಟ್ಟಿಗೆ ಮೈಸೂರಿನ ಅಂಗಡಿಯನ್ನೇ ಹುಡುಕಿಕೊಂಡು ಹೋಗಬೇಕು. ಕಾಡಂಚಿನ ಹಾಡಿಯಿಂದಲೋ ಹೊಲದ ನಡುವಿನ ಕೊಪ್ಪಲಿನಿಂದಲೋ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬರುವವರಿಗೆ ಮುನ್ನೂರು ರೂಪಾಯಿಯ ಪುಸ್ತಕವೆಂಬುದು ಕನಸಿನ ಮಾತು. ಅಂಥವರಿಗೆ ಕಾಲೇಜಿನ ಗ್ರಂಥಭಂಡಾರವೇ ಪುಸ್ತಕದ ಅಂಗಡಿ. ಅದೇ ಮನೆಯ ಕಪಾಟು. ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆಯಲ್ಲ ಎನ್ನುವವರು ಒಮ್ಮೆ ತಮಗೆ ಬೇಕಾದ ಒಂದು ಒಳ್ಳೆಯ ಕನ್ನಡ ವಿಮರ್ಶಾಗ್ರಂಥವನ್ನು ಅದರಲ್ಲಿ ಹುಡುಕಿ ನೋಡಲಿ.

ಗ್ರಂಥಭಂಡಾರದ ವಿಷಯ ಬಂದಾಗ ನಾವು ಓದಿನ ಮಹಿಮೆಯನ್ನು ಕುರಿತು ಧಾರಾಳವಾಗಿ ಮಾತನಾಡುತ್ತೇವೆ. ಓದುವ ಹವ್ಯಾಸ ಕಡಿಮೆಯಾಯಿತೆಂದು ಅಧ್ಯಾಪಕರು ನೊಂದುಕೊಳ್ಳುತ್ತಾರೆ. ಬೇಕಾದ ಪುಸ್ತಕವೇ ಇಲ್ಲವೆಂದು ನಾವು ಗೊಣಗುತ್ತೇವೆ. ಆದರೆ ಆ ಕಪಾಟಿನೊಳಗೆ ಪುಸ್ತಕ ಹೇಗೆ ಬಂದಿತು, ಅದನ್ನು ಆರಿಸಿದವರು ಯಾರು, ಯಾವಾಗ, ಯಾರಿಂದ ಕೊಂಡರು ಎಂದು ಕೇಳುವವರು ವಿರಳ. ಅಡಿಗೆ ಚೆನ್ನಾಗಿಲ್ಲವೆಂದು ದೂರುವವರು ಸಂತೆಯಿಂದ ಏನು ಬಂದಿದೆಯೆಂದು ನೋಡುವುದು ಬೇಡವೆ?

ಪುಸ್ತಕ ಕೊಳ್ಳುವುದು ಹೊರಗಿನವರಿಗೆ ಕಾಣುವಷ್ಟು ಸುಲಭದ ಕೆಲಸವಲ್ಲ. ವಿಭಾಗಗಳಿಂದ ಬೇಡಿಕೆಯ ಪಟ್ಟಿ ಬರಬೇಕು. ಅವುಗಳಲ್ಲಿ ಯಾವುದು ಆಗಲೇ ಭಂಡಾರದಲ್ಲಿದೆ, ಯಾವುದರ ಹೊಸ ಆವೃತ್ತಿ ಬಂದಿದೆ, ಯಾವುದರ ಅಚ್ಚು ಮುಗಿದಿದೆ ಎಂದು ತಾಳೆ ನೋಡಬೇಕು. ಗ್ರಂಥಾಲಯ ಸಮಿತಿ ಒಪ್ಪಬೇಕು, ದರಪಟ್ಟಿಗಳನ್ನು ತರಿಸಬೇಕು, ಆದೇಶ ಕಳುಹಿಸಬೇಕು. ಪುಸ್ತಕಗಳು ಬಂದ ಮೇಲೆ ಬಿಲ್ಲಿನೊಡನೆ ಒಂದೊಂದನ್ನೂ ಹೋಲಿಸಬೇಕು. ಪುಟ ಹರಿದದ್ದನ್ನು, ತಪ್ಪಾಗಿ ಬಂದದ್ದನ್ನು ಹಿಂದಿರುಗಿಸಬೇಕು. ಅನಂತರ ಮೊಹರು ಒತ್ತಿ, ದಾಖಲಾತಿ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ಬಿಲ್ಲಿನ ಮೇಲೂ ಬರೆದು ಹಣ ಪಾವತಿಗೆ ಕಳುಹಿಸಬೇಕು. ಇಷ್ಟಾದ ಮೇಲೆ ವಿಂಗಡಣೆ, ಸೂಚಿ, ಬೆನ್ನಿನ ಚೀಟಿ. ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕೆಂದೇ ಒಂದು ವಿಭಾಗವಿರುತ್ತದೆ. ನಮ್ಮಂತಹ ಕಾಲೇಜುಗಳಲ್ಲಿ ಗ್ರಂಥಪಾಲಕರೊಬ್ಬರೇ ಆ ವಿಭಾಗ, ಅವರೇ ಅದರ ಗುಮಾಸ್ತರು.

ಈ ಕೆಲಸವನ್ನು ವರ್ಷದ ಹನ್ನೆರಡು ತಿಂಗಳಿಗೂ ಹಂಚಿದರೆ ಹೊರೆಯೆನಿಸದು. ಆದರೆ ಅನೇಕ ಕಡೆ ಆಗುವುದೇನು? ಅನುದಾನ ಕೈಗೆ ಬರುವ ವೇಳೆಗೆ ವರ್ಷದ ಬಹುಭಾಗ ಕಳೆದಿರುತ್ತದೆ. ಮಾರ್ಚಿ 31ರೊಳಗೆ ಖರ್ಚಾಗದಿದ್ದರೆ ಹಣ ಹಿಂದಕ್ಕೆ ಹೋಗುತ್ತದೆಂಬ ಭಯ ಬೇರೆ. ಆಗ ಬೇಡಿಕೆಯ ಪಟ್ಟಿಗೆ ಕಾಯುವವರಾರು? ವ್ಯಾಪಾರಿ ತನ್ನ ಮಳಿಗೆಯಲ್ಲಿ ಏನಿದೆಯೋ ಅದನ್ನು ಕಟ್ಟುಕಟ್ಟಾಗಿ ತಂದಿಳಿಸುತ್ತಾನೆ. ಮಾರಾಟವಾಗದೆ ಉಳಿದ ಪುಸ್ತಕಕ್ಕೆ ಹೆಚ್ಚು ರಿಯಾಯಿತಿ ಕೊಡುವುದು ವ್ಯಾಪಾರದ ಧರ್ಮ. ಹೆಚ್ಚು ರಿಯಾಯಿತಿಯ ಪುಸ್ತಕವನ್ನು ಕೊಳ್ಳುವುದು ಕಚೇರಿಯ ಧರ್ಮ. ಇವೆರಡು ಧರ್ಮಗಳು ಕೂಡಿದ ಕಡೆ ವಿದ್ಯಾರ್ಥಿಯ ಪಾಲಿಗೆ ಉಳಿಯುವುದು ಒಂದೇ ಗೈಡಿನ ಹತ್ತು ಪ್ರತಿಗಳು. ಇದರಲ್ಲಿ ಯಾರೊಬ್ಬರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ, ಕ್ರಮವೇ ಹಾಗಿದೆ.

ಸರ್ಕಾರದ ಹಣಕ್ಕೆ ಲೆಕ್ಕ ಬೇಡವೆಂದು ನಾನು ಹೇಳುತ್ತಿಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು 1999ರಲ್ಲಿ ರೂಪುಗೊಂಡದ್ದು ಒಳ್ಳೆಯ ಉದ್ದೇಶದಿಂದಲೇ. ಆದರೆ ಪುಸ್ತಕವು ಸಿಮೆಂಟಿನಂತಲ್ಲ. ಒಂದು ಕಂಪೆನಿಯ ಸಿಮೆಂಟಿಗೆ ಬದಲಾಗಿ ಮತ್ತೊಂದರದನ್ನು ತಂದು ಗೋಡೆ ಕಟ್ಟಬಹುದು. ಒಬ್ಬ ಲೇಖಕನ ಗ್ರಂಥಕ್ಕೆ ಬದಲಾಗಿ ಅಗ್ಗವೆಂದು ಮತ್ತೊಬ್ಬನದನ್ನು ತಂದರೆ ಪಾಠ ಸಾಗುವುದೆ? ನಮ್ಮ ಸೀಮೆಯ ರೈತನಿಗೆ ಈ ತತ್ತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲನ್ನು ಬಿಚ್ಚಿ, ಎಲೆಯ ಬಣ್ಣವನ್ನೂ ಹದವನ್ನೂ ನೋಡಿ, ದರ್ಜೆಯನ್ನು ಗೊತ್ತುಮಾಡಿದ ಮೇಲೆ ಬೆಲೆಯ ಮಾತು. ಸುಟ್ಟು ಬೂದಿಯಾಗುವ ಸೊಪ್ಪಿಗೆ ಇಷ್ಟು ಪರೀಕ್ಷೆಯಿರುವಾಗ, ತಲೆಮಾರುಗಳ ಕಾಲ ಉಳಿಯಬೇಕಾದ ಪುಸ್ತಕವನ್ನು ಬಿಚ್ಚಿಯೂ ನೋಡದೆ ಕೊಳ್ಳುವುದು ಯಾವ ನ್ಯಾಯ?

ಇನ್ನು ಪ್ರಕಾಶಕರ ಕಡೆಯನ್ನೂ ನೋಡಬೇಕು. ಕನ್ನಡದಲ್ಲಿ ಪುಸ್ತಕ ಪ್ರಕಟಿಸುವುದು ಯಾವ ಕಾಲದಲ್ಲಿಯೂ ಸುಖದ ವೃತ್ತಿಯಾಗಿರಲಿಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಕಥೆಯಲ್ಲಿ ಅಭಿಮಾನದಷ್ಟೇ ನಾಚಿಕೆಯೂ ಇದೆ. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಬೇರೊಂದು ಹಾದಿ ಹಿಡಿಯಿತು. ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು ಅವರಿಗೆ ಪುಸ್ತಕ ಕಳುಹಿಸುವ ಏರ್ಪಾಡು ಅದು. ಕೊಳ್ಳುವವರು ಇಷ್ಟು ಜನರಿದ್ದಾರೆಂದು ಮುಂಚಿತವಾಗಿ ತಿಳಿದರೆ ಪ್ರಕಾಶಕನು ಧೈರ್ಯದಿಂದ ಒಳ್ಳೆಯ ಪುಸ್ತಕಕ್ಕೆ ಕೈಹಾಕಬಲ್ಲನೆಂಬ ಸರಳ ಸತ್ಯ ಅದರ ಹಿಂದಿತ್ತು.

ನಮ್ಮ ನಾಡಿನಲ್ಲಿ ಪುಸ್ತಕಗಳ ಅತಿ ದೊಡ್ಡ ಗಿರಾಕಿಯೆಂದರೆ ಸಾರ್ವಜನಿಕ ಗ್ರಂಥಾಲಯ ಇಲಾಖೆ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಮನೆಕಂದಾಯ ಕಟ್ಟುವ ಪ್ರತಿಯೊಬ್ಬ ಪಟ್ಟಣಿಗನೂ ತಿಳಿದೋ ತಿಳಿಯದೆಯೋ ಪುಸ್ತಕಕ್ಕೆ ಕಾಸು ಕೊಡುತ್ತಿದ್ದಾನೆ. ಇಲಾಖೆಯು ಏಕಗವಾಕ್ಷಿ ಯೋಜನೆಯಲ್ಲಿ ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಪುಟಕ್ಕಿಷ್ಟೆಂಬ ದರದಲ್ಲಿ ಕೊಳ್ಳುತ್ತ ಬಂದಿದೆ. ಇದರಿಂದ ಅನೇಕ ಸಣ್ಣ ಪ್ರಕಾಶಕರು ಬದುಕಿದ್ದಾರೆ, ಹೊಸ ಲೇಖಕರು ಬೆಳಕಿಗೆ ಬಂದಿದ್ದಾರೆ ಎಂಬುದನ್ನು ಮರೆಯಲಾಗದು. ಆದರೆ ಪುಟ ಎಣಿಸಿ ಬೆಲೆ ಕಟ್ಟಿದಾಗ ಎಂಬತ್ತು ಪುಟಗಳ ಉತ್ತಮ ಕವನಸಂಗ್ರಹ ಬಡವಾಗುತ್ತದೆ, ನಾನೂರು ಪುಟಗಳ ಟೊಳ್ಳು ಗ್ರಂಥ ಧನಿಕವಾಗುತ್ತದೆ. ಖರೀದಿಯ ಸರದಿ ವರ್ಷಗಟ್ಟಲೆ ಹಿಂದೆ ಬಿದ್ದಾಗಲಂತೂ ಪ್ರಕಾಶಕನು ಕಾಗದದಂಗಡಿಗೂ ಅಚ್ಚುಕೂಟಕ್ಕೂ ಸಾಲಗಾರನಾಗಿ ಉಳಿಯುತ್ತಾನೆ. ಹಣ ಬರುವುದು ತಡವಾಗುತ್ತದೆಂದು ಅವನು ಬೆಲೆಯೇರಿಸುತ್ತಾನೆ. ಬೆಲೆಯೇರಿತೆಂದು ಗ್ರಂಥಾಲಯಗಳು ಕೊಳ್ಳುವುದನ್ನು ಕಡಿಮೆ ಮಾಡುತ್ತವೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ತಮ್ಮ ಪಂಚಸೂತ್ರಗಳನ್ನು ಪ್ರಕಟಿಸಿದರು. ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡದ್ದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಪುಸ್ತಕವಿರುವುದು ಬಳಕೆಗೆ, ಪ್ರತಿ ಓದುಗನಿಗೂ ತಕ್ಕ ಪುಸ್ತಕ ದೊರೆಯಬೇಕು, ಪ್ರತಿ ಪುಸ್ತಕಕ್ಕೂ ತಕ್ಕ ಓದುಗ ದೊರೆಯಬೇಕು ಎಂಬುದು ಅವರ ಬೋಧೆಯ ತಿರುಳು. ಇದನ್ನು ಖರೀದಿಗೆ ಅನ್ವಯಿಸಿ ನೋಡಿದರೆ ಅರ್ಥ ಸ್ಪಷ್ಟವಾಗುತ್ತದೆ: ಪುಸ್ತಕ ಕೊಳ್ಳುವ ಕಾರ್ಯವು ವ್ಯಾಪಾರಿಯ ಪಟ್ಟಿಯಿಂದಲ್ಲ, ಓದುಗನ ಕೇಳಿಕೆಯಿಂದ ಆರಂಭವಾಗಬೇಕು.

ಗ್ರಂಥಾಲಯಗಳು ಒಂದಾಗಿ ಮಾತನಾಡಿದರೆ ಪ್ರಕಾಶಕರು ಕಿವಿಗೊಡುತ್ತಾರೆಂಬುದಕ್ಕೆ ಈಚಿನ ಉದಾಹರಣೆಯೊಂದಿದೆ. ಕೇಂದ್ರ ಸರ್ಕಾರವು 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ತೆಗೆದಿರಿಸಲಾಗಿದೆ. 30 ಅಂತಾರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಸಂಶೋಧನ ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುವುದು ಅದರ ಗುರಿ. ಬಿಡಿಬಿಡಿಯಾಗಿ ಚಂದಾ ಕಟ್ಟುತ್ತಿದ್ದ ಸಂಸ್ಥೆಗಳ ಪರವಾಗಿ ಒಂದೇ ಕಡೆಯಿಂದ ಚೌಕಾಸಿ ನಡೆಯಿತು. ಸಂತೋಷವೇ! ಆದರೆ ಬಿ.ಎ. ತರಗತಿಯ ಕನ್ನಡ, ಇತಿಹಾಸ, ಸಮಾಜಶಾಸ್ತ್ರದ ವಿದ್ಯಾರ್ಥಿಗೆ ಬೇಕಾದ ಕನ್ನಡ ಪುಸ್ತಕ ಈ ಹಾದಿಯಿಂದ ಬರುವುದಿಲ್ಲ. ಆ ಬುದ್ಧಿವಂತಿಕೆಯನ್ನು ನಾವು ನಮ್ಮ ಅಳತೆಗೆ ತಂದುಕೊಳ್ಳಬೇಕು.

ಆದುದರಿಂದ ನನ್ನ ಕೆಲವು ಸೂಚನೆಗಳನ್ನು ಅಧ್ಯಾಪಕರ ಮತ್ತು ಸಹಪಾಠಿಗಳ ಮುಂದೆ ಇಡುತ್ತೇನೆ. ಮೊದಲನೆಯದಾಗಿ, ಗ್ರಂಥಭಂಡಾರದ ಬಾಗಿಲಲ್ಲಿ ಒಂದು ಪೆಟ್ಟಿಗೆಯಿರಲಿ. ಕೇಳಿ ಸಿಗದ ಪುಸ್ತಕದ ಹೆಸರನ್ನು ವಿದ್ಯಾರ್ಥಿಗಳು ಚೀಟಿಯಲ್ಲಿ ಬರೆದು ಹಾಕಲಿ. ತಿಂಗಳಿಗೊಮ್ಮೆ ಆ ಚೀಟಿಗಳನ್ನು ಒಂದು ಪಟ್ಟಿಗೆ ಏರಿಸಲಿ. ಅನುದಾನ ಎಂದು ಬಂದರೂ ಆ ದಿನ ಪಟ್ಟಿ ಸಿದ್ಧವಾಗಿರುತ್ತದೆ. ಮಾರ್ಚಿ ತಿಂಗಳ ಕಟ್ಟುಗಳಿಗೆ ಕೈಚಾಚಬೇಕಾಗುವುದಿಲ್ಲ. ಎರಡನೆಯದಾಗಿ, ಹೆಸರು ಗೊತ್ತುಪಡಿಸಿದ ಪಟ್ಟಿಗೇ ದರ ಕೇಳಬೇಕು. ರಿಯಾಯಿತಿಯ ಪೈಪೋಟಿ ಅದರೊಳಗೆ ನಡೆಯಲಿ. ಮೂರನೆಯದಾಗಿ, ಬಂದ ಬಿಲ್ಲಿಗೆ ಬೇಗ ಹಣ ಸಲ್ಲಿಸಬೇಕು. ಸಕಾಲದಲ್ಲಿ ಹಣ ಕೊಡುವ ಗಿರಾಕಿಯ ಮಾತಿಗೆ ಯಾವ ಅಂಗಡಿಯಲ್ಲಾದರೂ ತೂಕವುಂಟು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು: ಅನುದಾನದ ಒಂದು ಪಾಲು ನಮ್ಮ ಸೀಮೆಯ ಪುಸ್ತಕಗಳಿಗೆ ಮೀಸಲಾಗಲಿ. ಹದಿನಾರನೆಯ ಶತಮಾನದ ಆದಿಯಲ್ಲಿ ಅಡಿಗೆಯ ವಿಷಯವನ್ನು ಕಾವ್ಯವಾಗಿಸಿ ‘ಸೂಪಶಾಸ್ತ್ರ’ವನ್ನು ರಚಿಸಿದ ಮೂರನೆಯ ಮಂಗರಸನು ನಮ್ಮ ಕಲ್ಲಹಳ್ಳಿಯ ಪ್ರಭು. ಕುಮಾರರಾಮನ ಕಥೆಯನ್ನು ಹಾಡಿದ ನಂಜುಂಡ ಕವಿ ಪಿರಿಯಾಪಟ್ಟಣದ ಚಂಗಾಳ್ವ ಮನೆತನದವನು. ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಹುಣಸೂರು ತಾಲ್ಲೂಕಿನ ಶಾಸನಗಳಿವೆ. ಹೆಗ್ಗಡದೇವನಕೋಟೆಯ ಜೇನುಕುರುಬರನ್ನು ಕುರಿತು, ಕಬಿನಿ ಜಲಾಶಯದಿಂದ ನೆಲೆ ತಪ್ಪಿದವರನ್ನು ಕುರಿತು, ಬೈಲಕುಪ್ಪೆಯ ಟಿಬೆಟನ್ನರನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ. ಇಂತಹ ಪುಸ್ತಕಗಳು ವ್ಯಾಪಾರಿಯ ಕಟ್ಟಿನಲ್ಲಿ ತಾವಾಗಿ ಬರುವುದು ಅಪೂರ್ವ. ವಿಶ್ವವಿದ್ಯಾನಿಲಯದ ಪ್ರಸಾರಾಂಗಕ್ಕೂ ಸಾಹಿತ್ಯ ಪರಿಷತ್ತಿಗೂ ಸಣ್ಣ ಪ್ರಕಾಶಕರಿಗೂ ನೇರವಾಗಿ ಬರೆದು, ಅಚ್ಚು ಮುಗಿದುದನ್ನು ಹಳೆಯ ಪುಸ್ತಕದಂಗಡಿಗಳಲ್ಲಿ ಅರಸಿ ತರಬೇಕಾದವು. ನಮ್ಮೂರಿನ ಮಂಗರಸ ನಮ್ಮೂರಿನಲ್ಲಿ ಸಿಗದಿದ್ದರೆ ಮತ್ತೆಲ್ಲಿ ಸಿಗಬೇಕು?

ಐದನೆಯದಾಗಿ, ನಾಲ್ಕು ತಾಲ್ಲೂಕುಗಳ ಕಾಲೇಜುಗಳು ತಮ್ಮ ಖರೀದಿಯ ಪಟ್ಟಿಗಳನ್ನು ಪರಸ್ಪರ ಕಳುಹಿಸಿಕೊಳ್ಳಲಿ. ಐದು ಸಾವಿರ ರೂಪಾಯಿಯ ಸಂಪುಟಗಳನ್ನು ಎಲ್ಲರೂ ಕೊಳ್ಳುವುದಕ್ಕಿಂತ ಒಂದೊಂದು ಕಡೆ ಒಂದೊಂದನ್ನು ಇಟ್ಟು ಎರವಲು ಕೊಟ್ಟುಕೊಂಡರೆ ಅದೇ ಹಣದಲ್ಲಿ ನಾಲ್ಕು ಪಟ್ಟು ವಿದ್ಯೆ ದೊರೆಯುತ್ತದೆ.

ಮಿತ್ರರೇ, ಇಷ್ಟನ್ನೂ ಗ್ರಂಥಪಾಲಕರೊಬ್ಬರ ತಲೆಗೆ ಕಟ್ಟಿ ನಾವು ಸುಮ್ಮನೆ ಕುಳಿತರೆ ನ್ಯಾಯವಲ್ಲ. ಬೇಕೆಂದು ಕೇಳದವನಿಗೆ ಬೇಕಾದದ್ದು ಬರುವುದಿಲ್ಲ. ಅಧ್ಯಾಪಕರು ಆಗಸ್ಟಿನೊಳಗೆ ತಮ್ಮ ಪಟ್ಟಿಯನ್ನು ಕೊಡಲಿ. ನಾವು ಚೀಟಿ ಬರೆಯೋಣ. ಹೊಸ ಪುಸ್ತಕ ಬಂದ ವಾರದಲ್ಲಿಯೇ ಅದನ್ನು ಕೇಳಿ ಓದೋಣ. ಆ ವರ್ಷ ಕೊಂಡ ಪುಸ್ತಕಗಳ ಪಟ್ಟಿ ಈ ವಾರ್ಷಿಕ ಸಂಚಿಕೆಯ ಕೊನೆಯ ಪುಟಗಳಲ್ಲಿ ಪ್ರಕಟವಾಗುವಂತಾದರೆ ಇನ್ನೂ ಒಳ್ಳೆಯದು. ಕ್ರೀಡೆಯಲ್ಲಿ ಗೆದ್ದ ಬಹುಮಾನಗಳ ಪಟ್ಟಿಯನ್ನು ಅಚ್ಚುಹಾಕುವ ನಾವು, ಬುದ್ಧಿಗೆ ಗಳಿಸಿದ ಆಸ್ತಿಯ ಪಟ್ಟಿಯನ್ನು ಅಚ್ಚುಹಾಕಲು ಹಿಂಜರಿಯಬೇಕಾಗಿಲ್ಲ. ಮುಂದೆ ಈ ಬೆಂಚುಗಳಲ್ಲಿ ಕುಳಿತುಕೊಳ್ಳುವ ತಮ್ಮಂದಿರೂ ತಂಗಿಯರೂ ಏನನ್ನು ಓದುತ್ತಾರೆಂಬುದು ಈ ವರ್ಷ ನಾವು ಏನನ್ನು ಕೇಳುತ್ತೇವೆಂಬುದನ್ನು ಅವಲಂಬಿಸಿದೆ.